ಒಂದೇ ಬಾತುಕೋಳಿ, ನಾಲ್ಕು ಥರದ ಮರ: ಹೊಸಬರಿಗೆ ಯಾವುದು ಸರಿ?

ಮರದ ಬಾತುಕೋಳಿ ಕೆತ್ತೋದು ಕಲೀಬೇಕು ಅಂತ ಯಾವ ವಿಡಿಯೋ ತೆಗೆದ್ರೂ ಮೊದಲು ಹೇಳೋದು ಬಾಸ್‌ವುಡ್ ತಗೊಳ್ಳಿ ಅಂತ. ಬೆಂಗಳೂರಲ್ಲಿ ಅದನ್ನ ಹುಡುಕೋದ್ರಲ್ಲೇ ನಂಗೆ ಒಂದು ತಿಂಗಳು ಹೋಯ್ತು. ಆಮೇಲೆ ಹಠ ಹಿಡಿದು ಒಂದೇ ಅಳತೆ, ಒಂದೇ ಚಾಕು ಇಟ್ಕೊಂಡು ನಾಲ್ಕು ಥರದ ಮರದಲ್ಲಿ ನಾಲ್ಕು ಬಾತುಕೋಳಿ ಕೆತ್ತಿ ನೋಡ್ದೆ. ಮೊದಲೇ ಹೇಳ್ಬಿಡ್ತೀನಿ, ನನ್ನ ಓಟು ಆಲೆ ಮರಕ್ಕೆ, ಅದೂ ಪೂರ್ತಿ ಒಣಗದೇ ಇರೋ ಆಲೆ ಮರಕ್ಕೆ.

ಹಕ್ಕಿ ಯಾವುದು ಅಂದ್ರೆ ಚುಕ್ಕೆ ಕೊಕ್ಕಿನ ಬಾತು. ಲಾಲ್‌ಬಾಗ್ ಕೆರೆಯಲ್ಲಿ, ಜಕ್ಕೂರು ಕೆರೆಯಲ್ಲಿ ವರ್ಷ ಪೂರ್ತಿ ಕಾಣುತ್ತೆ, ಕಪ್ಪು ಕೊಕ್ಕು, ತುದಿ ಮಾತ್ರ ಹಳದಿ, ಕೊಕ್ಕಿನ ಬುಡದಲ್ಲಿ ಕೆಂಪು ಚುಕ್ಕೆ. ಗಂಡು ಹೆಣ್ಣು ಹೆಚ್ಚುಕಮ್ಮಿ ಒಂದೇ ಥರ ಇರೋದ್ರಿಂದ ಒಂದೇ ಸಲ ಬಣ್ಣ ಕಲಿತ್ರೆ ಸಾಕು. ನಿಜವಾದ ಸೈಜಿನ ಅರ್ಧಕ್ಕೆ ಇಳಿಸಿ ಮೈ 7 ಇಂಚು ಉದ್ದ ಇಟ್ಕೊಂಡೆ, ತಲೆ ಬೇರೆ ತುಂಡು.

ಬಾಸ್‌ವುಡ್ ಯಾಕೆ ಎಲ್ಲರ ಬಾಯಲ್ಲೂ ಇದೆ ಅಂದ್ರೆ ಅದು ಅಮೆರಿಕದಲ್ಲಿ ಬೆಳೆಯೋ ಮರ, ಅಲ್ಲಿನವ್ರಿಗೆ ಸುಲಭವಾಗಿ ಸಿಗುತ್ತೆ, ಅದೂ ಒಂದು ಕಾರಣ. ನೆವಾಡಾದ ಲವ್‌ಲಾಕ್ ಗುಹೆಯಲ್ಲಿ 1924ರಲ್ಲಿ ಸಿಕ್ಕ ಡಿಕಾಯ್‌ಗಳು, ಅಂದ್ರೆ ನಿಜವಾದ ಹಕ್ಕಿಗಳನ್ನ ಸೆಳೆಯೋಕೆ ಬೇಟೆಗಾರರು ಇಡೋ ನಕಲಿ ಬಾತುಕೋಳಿಗಳು, ಸುಮಾರು 2000 ವರ್ಷ ಹಳೇವು, ಅವು ಮರದ್ದೇ ಅಲ್ಲ, ಕೆರೆ ಪಕ್ಕದ ಜೊಂಡು ಹೆಣೆದು ಮಾಡಿದ್ದು. ಅಮೆರಿಕದ ಪೂರ್ವ ಕರಾವಳಿಯವ್ರು ಸೀಡರ್ ಕೆತ್ತಿದ್ರು, ಯಾಕಂದ್ರೆ ಅಲ್ಲಿ ಸೀಡರ್ ಬೆಳೆಯುತ್ತೆ. ಮೇರಿಲ್ಯಾಂಡಿನ ಕ್ರಿಸ್‌ಫೀಲ್ಡ್‌ನಲ್ಲಿ ಲೆಮ್ ವಾರ್ಡ್, ಸ್ಟೀವ್ ವಾರ್ಡ್ ಅಂತ ಅಣ್ಣತಮ್ಮಂದಿರು ಇದ್ರು, ಕಸುಬು ಕ್ಷೌರ, ಅದರ ಜೊತೆಗೇ ಬಾತುಕೋಳಿ ಕೆತ್ತಿ ಆ ಕಲೆಗೇ ದೊಡ್ಡ ಹೆಸರಾದ್ರು. ಅವೆಲ್ಲ ಬೇಟೆಗೆ ನೀರಲ್ಲಿ ಬಿಡೋ ದೀವದ ಹಕ್ಕಿಗಳು, ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ನಾನು ಕೆತ್ತೋದು ಶೋಕೇಸಿಗೆ. ಆದ್ರೆ ಅವ್ರೆಲ್ಲ ಕೈಗೆ ಸಿಕ್ಕಿದ್ರಲ್ಲೇ ಮಾಡಿದ್ದು ಅನ್ನೋದು ನನ್ನ ತಲೆಯಲ್ಲಿ ಕೂತ್ಬಿಡ್ತು.

ಮೊದಲು ಬಾಸ್‌ವುಡ್. ಆನ್‌ಲೈನಲ್ಲಿ ತರಿಸಿದ ಬ್ಲಾಕು, ನಂಗೆ 900 ರೂಪಾಯಿ ಬಿತ್ತು, ಆ ದುಡ್ಡಿಗೆ ಬಂದ ತುಂಡಿನ ಒಂದು ತುದೀಲಿ ಸೀಳು ಬೇರೆ ಇತ್ತು, ವಾಪಸ್ ತಗೊಳ್ಳಲ್ಲ ಅಂದ್ಬಿಟ್ರು. ಆದ್ರೆ ಕೆತ್ತೋ ಸುಖ ನಿಜವಾಗ್ಲೂ ಇದೆ, ಅದನ್ನ ಇಲ್ಲ ಅನ್ನಕ್ಕಾಗಲ್ಲ. ಹಗುರ, ಗಂಟಿಲ್ಲ, ಮರದ ನಾರಿನ ಎಳೆ ಕಣ್ಣಿಗೇ ಕಾಣದಷ್ಟು ನಯ, ಚಾಕು ಯಾವ ಕಡೆ ತಿರುಗಿಸಿದ್ರೂ ತಕರಾರಿಲ್ಲ. ತೊಂದ್ರೆ ಏನಂದ್ರೆ ಅದು ತಪ್ಪನ್ನೂ ಮುಚ್ಚಿಕೊಳ್ಳುತ್ತೆ, ಎಳೆಗೆ ಎದುರಾಗಿ ಕೊಯ್ದ್ರೂ ಹೆಂಗೋ ಬಂದ್ಬಿಡುತ್ತೆ, ಹಾಗಾಗಿ ಒಂದು ಬಾತುಕೋಳಿ ಪೂರ್ತಿ ಮುಗಿದ್ರೂ ಮರದ ಎಳೆ ಯಾವ ಕಡೆಗೆ ಓಡುತ್ತೆ ಅಂತ ಓದೋದು ನಂಗೆ ಬಂದಿರ್ಲಿಲ್ಲ.

ಪ್ಯಾಕಿಂಗ್ ಪೈನ್ ಫ್ರೀಯಾಗಿ ಸಿಕ್ತು, ಮೈಸೂರು ರೋಡಲ್ಲಿ ಹಳೇ ಪ್ಯಾಲೆಟ್, ಅಂದ್ರೆ ಸರಕು ಜೋಡಿಸೋ ಮರದ ಅಡಿಹಲಗೆ, ಮಾರೋರ ಹತ್ರ ಕೇಳಿದ್ರೆ ತುಂಡು ಹಂಗೇ ಕೊಡ್ತಾರೆ. ತಗೊಳ್ಳೋವಾಗ ಮರದ ಮೇಲಿನ ಮುದ್ರೆ ನೋಡಿ, ಎಚ್‌ಟಿ ಅಂತಿದ್ರೆ ಬಿಸಿ ಕೊಟ್ಟಿರೋದು, ತಗೋಬಹುದು. ಎಂಬಿ ಅಂತಿದ್ರೆ ಮೀಥೈಲ್ ಬ್ರೋಮೈಡ್ ಅನ್ನೋ ವಿಷದ ಗ್ಯಾಸ್ ಹಾಕಿರೋದು, ಬೇಡ್ವೇ ಬೇಡ. ಹಲಗೆ ತೆಳು, ಮೂರು ಅಂಟಿಸಿದ್ಮೇಲೇ ಮೈಗೆ ಸಾಕಾಗಿದ್ದು. ಪೈನಲ್ಲಿ ಒಂದು ಗೆರೆ ಮೆತ್ತಗೆ ಪಕ್ಕದ್ದು ಗಟ್ಟಿ, ಚಾಕು ಮೆತ್ತಗಿರೋ ಕಡೆ ಸುಯ್ ಅಂತ ಹೋಗಿ ಗಟ್ಟಿ ಗೆರೆಗೆ ಬಡಿದು ಎಗರುತ್ತೆ, ಎಡಗೈಗೆ ಗ್ಲೌಸ್ ಇಲ್ದೆ ಇದನ್ನ ಮುಟ್ಲೇಬೇಡಿ. ಎದೆಯ ಉಬ್ಬು ನಯವಾಗಿ ಬರ್ಲೇ ಇಲ್ಲ.

ತೇಗದ್ದು ನಮ್ಮ ಬೀದಿ ಕಾರ್ಪೆಂಟರ್ ಕೊಟ್ಟ ಬಾಗಿಲ ಚೌಕಟ್ಟಿನ ತುಂಡು. ನೋಡೋಕೆ ಚೆಂದ, ಆದ್ರೆ ತೇಗದಲ್ಲಿ ಮರಳಿನ ಅಂಶ ಇರುತ್ತೆ, ಹರಿತ ಬೇಗ ಹೋಗುತ್ತೆ. ಹತ್ತು ನಿಮಿಷಕ್ಕೊಂದ್ಸಲ ಚಾಕುವನ್ನ ಹಳೇ ಬೆಲ್ಟಿನ ಚರ್ಮಕ್ಕೆ ಉಜ್ಜಬೇಕಾಯ್ತು, ಎರಡು ವಾರ ಕೂತ್ರೂ ಬೆನ್ನು ಮಾತ್ರ ಆಗಿತ್ತು. ಅದನ್ನ ಹಂಗೇ ಎತ್ತಿಟ್ಟಿದೀನಿ.

ಈಗ ಆಲೆ. ಚನ್ನಪಟ್ಟಣದ ಗೊಂಬೆ ಮಾಡೋದು ಇದ್ರಲ್ಲೇ, ಇಲ್ಲಿಂದ 60 ಕಿಲೋಮೀಟರ್. ಒಂದು ಭಾನುವಾರ ಹೋಗಿ ಗೊಂಬೆ ಕಡೆಯೋರ ಹತ್ರ ಕೇಳಿ ನಾಲ್ಕು ತುಂಡು ತಂದೆ, ನಾಲ್ಕಕ್ಕೂ ಸೇರಿ 300 ರೂಪಾಯಿ. ದಂತದ ಥರ ಬಿಳಿ. ಮರ ಸಣ್ಣದು, ನಂಗೆ ಸಿಕ್ಕಿದ್ದು ನಾಲ್ಕೈದು ಇಂಚು ದಪ್ಪದ ತುಂಡು, ಅರ್ಧ ಸೈಜಿನ ಹಕ್ಕಿಗೆ ಸಾಕು, ಪೂರ್ತಿ ಸೈಜು ಮಾಡೋರಿಗೆ ಸಾಲಲ್ಲ. ಗೊಂಬೆ ಕಡೆಯೋರು ಒಂದ್ ಮಾತು ಹೇಳಿದ್ರು, "ಒಣಗಿದ್ರೆ ಚಾಕುಗೆ ಬಗ್ಗಲ್ಲ ಸಾರ್, ಹಸಿ ಇರೋವಾಗ್ಲೇ ಅರ್ಧ ಕೆಲಸ ಮುಗಿಸ್ಕೊಳಿ". ಅದು ಅಕ್ಷರಶಃ ನಿಜ. ಅರೆಹಸಿ ಆಲೆ, ಸೌತೆಕಾಯಿ ಕೊಯ್ದಂಗೆ ಬರುತ್ತೆ, ಹೆಬ್ಬೆರಳು ಮರಕ್ಕೆ ಊರಿ ಚಾಕುವನ್ನ ನಮ್ ಕಡೆಗೆ ಎಳ್ಕೊಂಡ್ರೆ ಚಕ್ಕೆ ಉದ್ದಕ್ಕೆ ಸುರುಳಿ ಸುತ್ತಿಕೊಂಡು ಬೀಳುತ್ತೆ. ಆದ್ರೆ ಎಳೆಗೆ ಎದುರು ಹೋದ್ರೆ ತಕ್ಷಣ ಒರಟಾಗಿ ಕಿತ್ಕೊಳ್ಳುತ್ತೆ, ಆವಾಗ ತುಂಡನ್ನ ತಿರುಗಿಸಿ ಆ ಕಡೆಯಿಂದ ಬರಬೇಕು. ಬಾಸ್‌ವುಡ್ ಹೇಳಿಕೊಡದ ಪಾಠಾನ ಆಲೆ ಒಂದೇ ಮಧ್ಯಾಹ್ನದಲ್ಲಿ ಹೇಳಿಕೊಡ್ತು.

ಸೀಳೋದು ಇದರ ದೊಡ್ಡ ಕಾಟ. ಮೊದಲ ಮೈಯನ್ನ ರಾತ್ರಿ ಬಾಲ್ಕನಿಯಲ್ಲೇ ಬಿಟ್ಟೆ, ಏಪ್ರಿಲ್ ತಿಂಗಳು, ಎರಡೇ ದಿನಕ್ಕೆ ಎದೆ ಕಡೆಯಿಂದ ನಡುವಿನ ತಿರುಳಿನವರೆಗೆ ಬಾಯಿ ಬಿಟ್ಟಿತ್ತು. ಎರಡನೇದಕ್ಕೆ ತಿರುಳು ಬರದ ಹಾಗೆ ತುಂಡನ್ನ ಪಕ್ಕಕ್ಕೆ ಸರಿಸಿ ಗರಗಸದಲ್ಲಿ ಕೊಯ್ಸಿದೆ, ಎರಡೂ ತುದಿಗೆ ಫೆವಿಕಾಲ್ ಬಳಿದೆ, ಕೆಲಸ ನಿಲ್ಲಿಸಿದಾಗೆಲ್ಲ ಒದ್ದೆ ಬಟ್ಟೆ ಸುತ್ತಿ ಪ್ಲಾಸ್ಟಿಕ್ ಕವರಲ್ಲಿ ಇಟ್ಟೆ. ಒರಟು ಆಕಾರ ಬಂದ್ಮೇಲೆ ನ್ಯೂಸ್‌ಪೇಪರ್ ಸುತ್ತಿ ಅಟ್ಟದ ಮೇಲೆ ಒಂದೂವರೆ ತಿಂಗಳು. ಸೀಳಲಿಲ್ಲ.

ಕೊಕ್ಕಿನ ವಿಷಯ ಯಾವ ಮರಕ್ಕಾದ್ರೂ ಒಂದೇ. ಉಳಿದ ಚಿಕ್ಕ ತುಂಡಲ್ಲಿ ತಲೆ ಮಾಡೋವಾಗ ಎಳೆ ಮೇಲಿಂದ ಕೆಳಗೆ ನಿಂತಿರೋ ಹಾಗೆ ಕೊಯ್ದಿದ್ದೆ. ಕಣ್ಣಿನ ಗುಳಿ, ಕೆನ್ನೆ, ಎಲ್ಲಾ ಆಗಿ ಕೊಕ್ಕಿನ ಕೆಳಗಡೆ ಕೊನೇ ಎರಡು ಎಳೆತ ಬಾಕಿ ಇತ್ತು, ಟಕ್ ಅಂತ ಒಂದು ಸಣ್ಣ ಸದ್ದು, ಕೊಕ್ಕು ತೊಡೆ ಮೇಲೆ ಬಿತ್ತು. ಎಳೆ ಯಾವಾಗ್ಲೂ ಕೊಕ್ಕಿನ ಉದ್ದಕ್ಕೇ ಓಡ್ಬೇಕು, ತಲೆಯನ್ನ ಬೇರೆ ತುಂಡಲ್ಲಿ ಮಾಡಿ ಮೈಗೆ ಕೂರಿಸೋದು ಇದಕ್ಕೇ.

ಮಧ್ಯದಲ್ಲಿ ಮೋಟಾರಿನ ರೋಟರಿ ಟೂಲ್ ಕೂಡ ಎರಡು ದಿನ ಸ್ನೇಹಿತನ ಹತ್ರ ತಂದು ನೋಡ್ದೆ. ವೇಗ ಇದೆ, ಗರಿ ಗೆರೆಗೆ ಒಳ್ಳೇದು, ಆದ್ರೆ ಧೂಳು ಮನೆ ತುಂಬಾ, ಅಪಾರ್ಟ್‌ಮೆಂಟಲ್ಲಿ ಸದ್ದಿಗೆ ಪಕ್ಕದ ಮನೆಯವ್ರಿಗೂ ಕಷ್ಟ. ಶುರುವಿಗೆ ಚಾಕು, ಜೊತೆಗೆ ಅರ್ಧ ಇಂಚಿನ ಡೊಂಕು ಬಾಯಿಯ ಉಳಿ ಒಂದು, ಅಷ್ಟೇ ಸಾಕು.

ಬಕೆಟ್ಟಲ್ಲಿ ತೇಲಿಸಿಯೂ ನೋಡ್ದೆ. ಬಾಸ್‌ವುಡ್‌ದು ಬೆಂಡಿನ ಥರ ಮೇಲೆ ನಿಂತು ಒಂದು ಕಡೆಗೆ ವಾಲ್ತು, ಹೊಟ್ಟೆ ಕೆಳಗೆ ಗಾಳಕ್ಕೆ ಕಟ್ಟೋ ಸೀಸದ ಗುಂಡು ಕೂರಿಸಿದ್ಮೇಲೆ ನೆಟ್ಟಗಾಯ್ತು. ಆಲೆದು ಭಾರ, ತಗ್ಗಿ ಕೂತ್ಕೊಂಡಿತು, ಲಾಲ್‌ಬಾಗಲ್ಲಿ ಬೆಳಗ್ಗೆ ನಿದ್ದೆಗಣ್ಣಲ್ಲಿ ತೇಲೋ ಬಾತು ಹಂಗೇ ಕೂರೋದು. ಅದಕ್ಕೆ ಹೊಸ ತಲೆ ಕೂರಿಸಿ ಈ ವಾರ ಕೊಕ್ಕಿನ ತುದಿಗೆ ಹಳದಿ ಹಚ್ಚಿದೀನಿ, ಕೆಂಪು ಚುಕ್ಕೆ ಎರಡು ಬಾಕಿ ಇದೆ.