ವ್ಯಾಲ್ಯುಯೇಷನ್ ರಿಪೋರ್ಟ್: ವರ್ಡ್ ಸಾಕಾ, ಎಕ್ಸೆಲ್ ಬೇಕಾ?

ಬ್ಯಾಂಕಿಗೆ ಮನೆ, ಸೈಟಿನ ಬೆಲೆ ಕಟ್ಟಿ ರಿಪೋರ್ಟ್ ಬರೆಯುವುದಾದರೆ ವರ್ಡ್ ಸಲೀಸು. ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ), ಫೋಟೊ, ಸುತ್ತಮುತ್ತಲಿನ ವಿವರ ಎಲ್ಲ ಚೆನ್ನಾಗಿ ಕೂರುತ್ತದೆ. ಆದರೆ ಲೆಕ್ಕ ನೀವೇ ಹಾಕಬೇಕು. 30×40 ಸೈಟು ಅಂದರೆ 1,200 ಚದರಡಿ. ಚದರಡಿಗೆ 5,000 ರೂಪಾಯಿ ಹಿಡಿದರೆ 60 ಲಕ್ಷ. ಆಮೇಲೆ ದರ 5,200 ಆಯಿತು ಅಂದುಕೊಳ್ಳಿ. ಎಕ್ಸೆಲ್‌ನಲ್ಲಿ ಒಂದು ಸೆಲ್ ತಿದ್ದಿದರೆ ಸಾಕು, ಮೊತ್ತ ತಾನಾಗಿ 62.4 ಲಕ್ಷ ಆಗುತ್ತದೆ. ವರ್ಡ್‌ನಲ್ಲಿ ಒಂದು ಪುಟ ತಿದ್ದಿ ಇನ್ನೊಂದು ಮರೆತರೆ? ಅಂಕಿಯಲ್ಲಿ ಒಂದು ಬೆಲೆ, ಅಕ್ಷರದಲ್ಲಿ ಇನ್ನೊಂದು. ನನಗೆ ಜಾಸ್ತಿ ಭಯ ಇದೇ. ಹಳೇ ರಿಪೋರ್ಟ್ ಕಾಪಿ ಮಾಡಿದಾಗ ಹಿಂದಿನ ಮಾಲೀಕರ ಹೆಸರು ಉಳಿದುಬಿಡುವುದೂ ಹೀಗೇ ಅಲ್ವಾ?

ಎಕ್ಸೆಲ್‌ನಲ್ಲಿ ಉದ್ದ ಪ್ಯಾರಾ ಬರೆಯುವುದು ಕಿರಿಕಿರಿ. ತಿಂಗಳಿಗೆ ನಾಲ್ಕೈದು ರಿಪೋರ್ಟಾದರೆ ವರ್ಡ್ ಸಾಕು. ದಿನಕ್ಕೆ ಎರಡು ಮೂರಾದರೆ ಲೆಕ್ಕ ಎಕ್ಸೆಲ್‌ನಲ್ಲಿಟ್ಟು ಮೇಲ್ ಮರ್ಜ್ (ಎಕ್ಸೆಲ್‌ನ ಅಂಕಿಗಳನ್ನು ವರ್ಡ್ ನಮೂನೆಯಲ್ಲಿ ತಾನಾಗಿ ತುಂಬಿಸುವ ಸೌಲಭ್ಯ) ಮಾಡಿ ವರ್ಡ್‌ಗೆ ತನ್ನಿ.