ಕಲಬುರಗಿಯಲ್ಲಿ ಬೂಮ್ ಮೈಕ್ ಬಾಡಿಗೆಗೆ ತರ್ತಿದ್ದೀರಾ? ಕವರ್ ಬಿಚ್ಚಿಸಿ ನೋಡಿ

ಶಾರ್ಟ್ ಫಿಲ್ಮ್, ಡಾಕ್ಯುಮೆಂಟರಿ ಮಾಡುವ ಗೆಳೆಯರು ದಯವಿಟ್ಟು ಪೂರ್ತಿ ಓದಿ. ನಮ್ಮ ಕಲಬುರಗಿಯಲ್ಲೇ ಒಂದು ಬಾಡಿಗೆ ಅಂಗಡಿಯವರು ಸೆನ್‌ಹೈಸರ್ ಎಂಕೆಎಚ್ 416 ಎಂಬ ಬೂಮ್ ಮೈಕ್ (ಉದ್ದ ಕೋಲಿಗೆ ಸಿಕ್ಕಿಸಿ ಹಿಡಿಯುವ ಮೈಕ್) ಅಂತ ಹೇಳಿ, ಅದರ ಬಾಡಿಗೆಯನ್ನೇ ವಸೂಲಿ ಮಾಡಿ, ಯಾವುದೋ ಹೆಸರಿಲ್ಲದ ಮೈಕ್ ಕೊಟ್ಟು ಕಳಿಸಿದರು. ಈಗ ಡಿಪಾಸಿಟ್ ಕೂಡ ಪೂರ್ತಿ ಕೊಡುತ್ತಿಲ್ಲ. ಬರೆಯುವಾಗಲೂ ಕೈ ನಡುಗುತ್ತಿದೆ, ಅಷ್ಟು ಸಿಟ್ಟು ಬಂದಿದೆ.

ಕೆಲಸ ಇದ್ದದ್ದು ಬೀದರ್‌ನಲ್ಲಿ. ಬಿದ್ರಿ ಮಾಡುವ ಹಿರಿಯ ಉಸ್ತಾದರೊಬ್ಬರ ಬಗ್ಗೆ ಚಿಕ್ಕ ಡಾಕ್ಯುಮೆಂಟರಿ. ಬಿದ್ರಿಯಲ್ಲಿ ಕಣ್ಣಿಗೆ ಎಷ್ಟಿದೆಯೋ ಕಿವಿಗೂ ಅಷ್ಟೇ ಇದೆ. ಸತು-ತಾಮ್ರದ ಪಾತ್ರೆಯ ಮೇಲೆ ಉಳಿ ಓಡುವ ಸದ್ದು, ಆ ಗೆರೆಯಲ್ಲಿ ಬೆಳ್ಳಿ ತಂತಿ ಕೂರಿಸಿ ಮೆಲ್ಲಗೆ ಬಡಿಯುವ ಸದ್ದು. ಹೊರಗೆ ಓಣಿಯಲ್ಲಿ ಆಟೋ, ಬೈಕ್. ಅದಕ್ಕೇ ಒಳ್ಳೆಯ ಶಾಟ್‌ಗನ್ ಮೈಕ್ ಬೇಕಿತ್ತು. ಮುಂದಿನ ಸದ್ದು ಹಿಡಿದು ಅಕ್ಕಪಕ್ಕದ್ದನ್ನು ತಗ್ಗಿಸಲೆಂದೇ ಅಲ್ವಾ ಅದನ್ನು ತರುವುದು?

ಅಂಗಡಿಯಲ್ಲಿ ಮೈಕನ್ನು ಬ್ಲಿಂಪ್ (ಗಾಳಿ ಸದ್ದು ತಡೆಯುವ ಗೂಡು) ಒಳಗೆ ಹಾಕಿ, ಮೇಲೆ ತುಪ್ಪಳದ ಕವರ್ ತೊಡಿಸಿ ಮೊದಲೇ ರೆಡಿ ಇಟ್ಟಿದ್ದರು. ಬಿಚ್ಚಿ ತೋರಿಸಿ ಅಂದೆ. "ಬ್ಯಾಡ್ರಿ ಸರ್, ಎಲ್ಲಾ ಸೆಟ್ ಮಾಡಿ ಇಟ್ಟೀನಿ. ತೆಗೆದ್ರ ಒಳಗ ಧೂಳು ಹೋಗ್ತದ. ಛಲೋ ಅದ, ಕೇಳಿ ನೋಡ್ರಿ" ಎಂದು ಹೆಡ್‌ಫೋನ್ ಕೊಟ್ಟರು. ಅಂಗಡಿ ಮುಂದಿನ ಟ್ರಾಫಿಕ್ ಗದ್ದಲದಲ್ಲಿ ಯಾವ ಮೈಕ್ ಆದರೂ ಚೆನ್ನಾಗೇ ಕೇಳಿಸುತ್ತದೆ. ಡಿಪಾಸಿಟ್, ಆಧಾರ್ ಝೆರಾಕ್ಸ್ ಎಲ್ಲಾ ತೆಗೆದುಕೊಂಡರು. ಬಿಲ್ ಕೇಳಿದರೆ "ವಾಟ್ಸಾಪ್‌ನ್ಯಾಗ ಅದಲ್ರಿ" ಅಂದರು.

ಬೀದರ್‌ನಲ್ಲಿ ಶುರುವಿನಿಂದಲೇ ಉಸ್ತಾದರ ಮಾತಿನ ಹಿಂದೆ 'ಸ್ಸ್' ಅಂತ ಒಂದೇ ಸಮನೆ ಸದ್ದು. ಗೇನ್ (ಮೈಕ್ ಸದ್ದನ್ನು ಹೆಚ್ಚಿಸುವ ಮಟ್ಟ) ಕಮ್ಮಿ ಮಾಡಿ ನೋಡಿದೆ, ಹೋಗಲಿಲ್ಲ. ಓಣಿಯ ಆಟೋಗಳಂತೂ ಪಕ್ಕದಲ್ಲೇ ನಿಂತ ಹಾಗೆ ಕೇಳುತ್ತಿದ್ದವು. ಕೇಬಲ್ ಹೋಗಿರಬೇಕು ಅಂತ ಅದನ್ನು ಬದಲಿಸಲು ಹೊರಟೆ. ಎಕ್ಸ್‌ಎಲ್‌ಆರ್ ಕೇಬಲ್ ಕೀಳುವ ಮುಂಚೆ 48 ವೋಲ್ಟ್ ಫ್ಯಾಂಟಮ್ ಪವರ್ (ಆ ಕೇಬಲ್ ಮೂಲಕವೇ ಮೈಕಿಗೆ ಹೋಗುವ ಕರೆಂಟ್) ಆಫ್ ಮಾಡುತ್ತೇವಲ್ಲ, ಮಾಡಿದೆ. ಸದ್ದು ನಿಲ್ಲಲಿಲ್ಲ. ಸ್ವಲ್ಪ ಹೊತ್ತು ಕಾದೆ. ಉಸ್ತಾದರ ಮಾತು ಹೆಡ್‌ಫೋನ್‌ನಲ್ಲಿ ಬರುತ್ತಲೇ ಇತ್ತು!

416ಕ್ಕೆ ಸೆಲ್ ಹಾಕುವ ಜಾಗವೇ ಇಲ್ಲ. ಕೇಬಲ್‌ನಲ್ಲಿ ಕರೆಂಟ್ ಹೋಗದಿದ್ದರೆ ಅದು ಸೊಲ್ಲೆತ್ತುವುದಿಲ್ಲ. ಮತ್ತೆ ಇದು ಹೇಗೆ ನಡೆಯುತ್ತಿದೆ? ಅಲ್ಲೇ ತುಪ್ಪಳ ಕಿತ್ತು ಬ್ಲಿಂಪ್ ತೆರೆದೆ. 416 ಒಂದು ಗೇಣು, 25 ಸೆಂ.ಮೀ. ಅಷ್ಟೇ. ಒಳಗಿದ್ದದ್ದು ಅದಕ್ಕಿಂತ ಉದ್ದ. ಹೆಸರಿಲ್ಲ, ಸೀರಿಯಲ್ ನಂಬರ್ ಇಲ್ಲ. ಹಿಂಭಾಗ ತಿರುಗಿಸಿದರೆ ಒಂದು ಪೆನ್ಸಿಲ್ ಸೆಲ್. ಪೆನ್ಸಿಲ್ ಸೆಲ್! ಇದಕ್ಕೆ ನಾವು 416ರ ಬಾಡಿಗೆ ಕಟ್ಟಿದ್ದೇವೆ.

"ಏನಾತಪ್ಪಾ?" ಎಂದು ಉಸ್ತಾದರು ಕೇಳಿದಾಗ ಮುಖ ಎತ್ತಲು ಆಗಲಿಲ್ಲ. ಅವರು ಆಗಷ್ಟೇ ಕೋಟೆಯ ಮಣ್ಣು, ನವಸಾಗರ ಬೆರೆಸಿ ಪಾತ್ರೆಗೆ ಕಪ್ಪು ಹಿಡಿಸಿದ್ದರು. ಲೋಹ ಕಪ್ಪಾಗಿ ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುವುದನ್ನು ವಿವರಿಸುತ್ತಾ ಮಾಡಿದ ಕೆಲಸ ಅದು. ಒಂದು ಪಾತ್ರೆಗೆ ಒಂದೇ ಸಲ. ಮತ್ತೆ ಮಾಡಿ ಅಂತ ಯಾವ ಬಾಯಿಂದ ಕೇಳಲಿ? ಆ ಮಾತೆಲ್ಲ 'ಸ್ಸ್' ಸದ್ದಿನಲ್ಲಿ ಮುಳುಗಿದೆ.

ಫೋನ್ ಮಾಡಿದೆ. "ಅದೇ 416 ರೀ, ಹೊಸ ಮಾಡೆಲ್" ಎಂದರು. ಫೋಟೋ ಕಳಿಸಿದೆ. ಆಮೇಲೆ ಬಂದ ಉತ್ತರ ನೋಡಿ: "ನಮ್ಮ ಮೈಕ್ ನೀವೇ ಬದಲಿ ಮಾಡೀರಿ." ಮೋಸ ಮಾಡಿದ್ದು ಅವರು, ಕಳ್ಳರು ನಾವು! ಗಟ್ಟಿಯಾಗಿ ಕೇಳಿದ ಮೇಲೆ ದನಿ ಬದಲಾಯಿತು. "ಯೂಟ್ಯೂಬ್‌ಗೆ ಹಾಕೋದಕ್ಕ ಇಷ್ಟ್ ಸಾಕಲ್ರಿ, ಯಾರ್ ಕೇಳ್ತಾರ?" ಯಾರು ಕೇಳ್ತಾರ ಅಂತೆ. ಕೇಳಲಿ ಅಂತಲೇ ಅಲ್ವಾ ಬಾಡಿಗೆ ಕೊಟ್ಟಿದ್ದು? ವಾಪಸ್ ಕೊಡಲು ಹೋದರೆ ಬೂಮ್ ಕೋಲಿನ ಲಾಕ್ ಸಡಿಲ ಆಗಿದೆ ಎಂದು ಅರ್ಧ ಡಿಪಾಸಿಟ್ ಹಿಡಿದುಕೊಂಡರು. ಆ ಲಾಕ್‌ಗೆ ಅವರೇ ಟೇಪ್ ಸುತ್ತಿ ಕೊಟ್ಟಿದ್ದರು. ಶೂಟಿಂಗ್‌ನ ಮೊದಲ ಕ್ಲಿಪ್‌ನಲ್ಲೇ ಆ ಟೇಪ್ ಕಾಣುತ್ತದೆ. ಕ್ಲಿಪ್ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಇಲ್ಲ.

ಬಾಡಿಗೆಗೆ ತರುವವರು ಕವರ್ ಬಿಚ್ಚಿಸಿ, ಸೀರಿಯಲ್ ನಂಬರ್ ಫೋಟೋ ತೆಗೆಯಿರಿ. ಅವರ ಎದುರೇ 48 ವೋಲ್ಟ್ ಆಫ್ ಮಾಡಿ, 416 ಆದರೆ ಸದ್ದು ನಿಲ್ಲಲೇಬೇಕು. ಬಾಗಿಲು ಹಾಕಿಸಿ ಸುಮ್ನೆ ಕೂತು ರೆಕಾರ್ಡ್ ಮಾಡಿ ಕೇಳಿ. ಬಿಚ್ಚಬೇಡಿ ಅಂದರೆ ಎದ್ದು ಬನ್ನಿ. ಬಿಲ್ ಇಲ್ಲ ಅಂದರೂ ಎದ್ದು ಬನ್ನಿ.

1915ಕ್ಕೆ, ಅಂದರೆ ಗ್ರಾಹಕ ಸಹಾಯವಾಣಿಗೆ, ದೂರು ಕೊಟ್ಟಿದ್ದೇನೆ. '416 ಕಿಟ್' ಎಂದು ಬಾಡಿಗೆ ರೇಟ್ ಸಮೇತ ಅವರೇ ಬರೆದ ಮೆಸೇಜ್ ನನ್ನ ಹತ್ತಿರ ಇದೆ. ಅದೇ ತುಪ್ಪಳದ ಕಿಟ್ ಇವತ್ತೂ ಅವರ ಸ್ಟೇಟಸ್‌ನಲ್ಲಿದೆ. ಕಲಬುರಗಿ, ಬೀದರ್, ಯಾದಗಿರಿ ಕಡೆಯವರು ಯಾರಿಗಾದರೂ ಹೀಗೇ ಬ್ಲಿಂಪ್ ಮುಚ್ಚಿ ಕೊಟ್ಟಿದ್ದರೆ ತಿಳಿಸಿ, ನೀವೂ ದೂರು ಕೊಡಿ.