ಲೈಟ್ ಉರಿದ ಮಾತ್ರಕ್ಕೆ ಫೋರ್ ಬೈ ಫೋರ್ ಅಲ್ಲ: ಹಳೇ ಥಾರ್ ನೋಡೋಕೆ ಹೊರಟವರು ಓದಿ

ಮಲೆನಾಡಲ್ಲಿ ಇರೋರು ಬೇಸಿಗೆಯಲ್ಲಿ ಹಳೇ ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗೋ) ಗಾಡಿ ತಗೋಬೇಡಿ. ತಗೊಳ್ಳಲೇಬೇಕು ಅಂದ್ರೆ ಮುಂದಿನ ಚಕ್ರಕ್ಕೆ ಜಾಕ್ ಕೊಟ್ಟು ಎತ್ತಿ ನೋಡದೆ ಒಂದು ರೂಪಾಯಿ ಅಡ್ವಾನ್ಸ್ ಕೊಡಬೇಡಿ. ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಆದ್ರೆ 5 ಲಕ್ಷ 80 ಸಾವಿರದ ಹೊಟ್ಟೆಯುರಿ ಇದೆ, ಪೂರ್ತಿ ಬರೀತೀನಿ.

ಗಾಡಿ 2014ರ ಮಹೀಂದ್ರಾ ಥಾರ್ ಸಿಆರ್‌ಡಿಇ (ಡೀಸೆಲ್ ಎಂಜಿನ್ನಿನ ಜೀಪು), ಸಾಗರದ ಕೆಎ-15 ನಂಬರ್. ಮಾರಿದ್ದು ಶಿವಮೊಗ್ಗದ ಒಬ್ಬ ಸೆಕೆಂಡ್ ಹ್ಯಾಂಡ್ ವ್ಯಾಪಾರಿ. ಹೆಸರು ಹಾಕಲ್ಲ, ಯಾಕೆ ಅಂತ ಕೊನೆಗೆ ಗೊತ್ತಾಗುತ್ತೆ.

ಏಪ್ರಿಲ್‌ನಲ್ಲಿ ನೋಡಿದ್ದು. ಹೇಳಿದ ರೇಟು 6 ಲಕ್ಷ. "ಹಿಂದೆ ಲಾಕರ್ ಇದೆ ಅಣ್ಣಾ, ಒಂದು ಚಕ್ರ ಗಾಳೀಲಿದ್ರೂ ಇನ್ನೊಂದು ಎಳೀತದೆ" ಅಂದ. ಅಲ್ಲಿ ಹಿಡಿದೆ ಅವನನ್ನ. ಎರಡು ಕಡೆಯ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಗೇರಿಗೆ ಡಿಫ್ರೆನ್ಶಿಯಲ್ ಅಂತಾರೆ, ಅದನ್ನ ಬಿಗಿಯೋದು ಲಾಕರ್. ಹಳೇ ಥಾರ್‌ಗೆ ಹಿಂದೆ ಮೆಕ್ಯಾನಿಕಲ್ ಲಾಕಿಂಗ್ ಡಿಫ್ರೆನ್ಶಿಯಲ್ ಬಂದಿದ್ದು 2015ರ ಫೇಸ್‌ಲಿಫ್ಟ್‌ನಲ್ಲಿ, 2014ರ ಗಾಡಿಗೆ ಎಲ್ಲಿಂದ ಬರ್ಬೇಕು? "ಓ ಹೌದಾ, ಹಳೇ ಓನರ್ ಹಂಗೆ ಹೇಳಿದ್ರು" ಅಂದು 20 ಸಾವಿರ ಇಳಿಸಿದ. ನಾನು ಬೀಗಿದೆ. ಆ ಸಣ್ಣ ಸುಳ್ಳು ಹಿಡಿದ ಹಮ್ಮಿನಲ್ಲೇ ದೊಡ್ಡದನ್ನ ನುಂಗಿದ್ದು.

ಆಮೇಲೆ ಫೋರ್ ಬೈ ಫೋರ್ ತೋರಿಸಿದ. ಲಿವರ್ 4ಎಚ್‌ಗೆ (ನಾಲ್ಕು ಚಕ್ರ, ಮಾಮೂಲಿ ವೇಗ) ಹಾಕಿದ, ಮೀಟರ್ ಬೋರ್ಡಲ್ಲಿ ಲೈಟ್ ಬಂತು. 4ಎಲ್‌ಗೆ (ನಾಲ್ಕು ಚಕ್ರ, ನಿಧಾನ ವೇಗ, ಜಾಸ್ತಿ ಎಳೆತ, ಇದೇ ಲೋ) ಹಾಕಿದ, ಪಕ್ಕದ ಜಲ್ಲಿ ಏರಿನಲ್ಲಿ ಆಕ್ಸಿಲರೇಟರ್ ಮುಟ್ಟದೆ ಆಮೆ ಹಾಗೆ ಹತ್ತಿಸಿದ. ಟಾರ್ ರೋಡಲ್ಲಿ 4ಎಚ್ ಹಾಕಿ ಒಂದು ರೌಂಡ್ ತಿರುಗಿಸ್ತೀನಿ ಅಂದೆ. ತಕ್ಷಣ ಕೈ ಅಡ್ಡ ಹಿಡಿದ: "ಬೇಡ ಅಣ್ಣಾ, ಟಾರ್‌ನಲ್ಲಿ ಹಾಕಿದ್ರೆ ಟ್ರಾನ್ಸ್‌ಫರ್ ಕೇಸ್ ಹೋಗ್ತದೆ. ನಿಮಗೆ ಗೊತ್ತಿಲ್ವಾ ಎಂತ!"

ಗೊತ್ತಿತ್ತು. ಗೊತ್ತಿದ್ದಿದ್ದಕ್ಕೇ ಸುಮ್ಮನಾದೆ. ಅವನು ಹೇಳಿದ್ದು ನೂರಕ್ಕೆ ನೂರು ನಿಜ, ಅದೇ ಈಗ್ಲೂ ಉರಿಯೋದು. ಟ್ರಾನ್ಸ್‌ಫರ್ ಕೇಸ್ ಅಂದ್ರೆ ಶಕ್ತಿಯನ್ನ ಮುಂದಕ್ಕೂ ಹಿಂದಕ್ಕೂ ಹಂಚೋ ಗೇರ್ ಪೆಟ್ಟಿಗೆ. ಇಂಥ ಪಾರ್ಟ್ ಟೈಮ್ (ಬೇಕಾದಾಗ ಮಾತ್ರ ಹಾಕೋ) ಫೋರ್ ಬೈ ಫೋರ್‌ನಲ್ಲಿ ಮುಂದಿನ ಹಿಂದಿನ ಶಾಫ್ಟ್ ಮಧ್ಯೆ ಡಿಫ್ರೆನ್ಶಿಯಲ್ ಇಲ್ಲ, ಎರಡೂ ಒಂದೇ ವೇಗದಲ್ಲಿ ತಿರುಗಬೇಕು. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಓಡುತ್ತೆ, ಹಿಂದಿನದು ಕಮ್ಮಿ. ಮಣ್ಣಲ್ಲಾದ್ರೆ ಚಕ್ರ ಜಾರಿ ಸರಿಹೋಗುತ್ತೆ, ಟಾರ್‌ನಲ್ಲಿ ಜಾರಲ್ಲ, ಗಾಡಿ ಬ್ರೇಕ್ ಹಿಡಿದಂಗೆ ಬಿಗಿಯುತ್ತೆ. ಆ ಬಿಗಿತ ಬರಲ್ಲ ಅಂತ ಅವನಿಗೆ ಗೊತ್ತಿತ್ತು. ಬೇಡ ಅಂದಿದ್ದು ಅದಕ್ಕೆ. ಗಾಡಿ ಮೇಲಿನ ಕಾಳಜಿ ಅಂದ್ಕೊಂಡೆ ನಾನು!

ಜೂನ್ ಎರಡನೇ ವಾರ, ಹೊಸನಗರದ ಕಡೆ ತೋಟದ ದಾರಿ. ಕೆಂಪು ಮಣ್ಣು, ಒಂದಡಿ ಆಳದ ಚಕ್ರದ ಗುರುತು. 4ಎಲ್, ಎರಡನೇ ಗೇರು, ಲೈಟ್ ಚೆನ್ನಾಗಿ ಉರೀತಿದೆ. ಹಿಂದಿನ ಎರಡು ಚಕ್ರ ಕೆಸರು ಎರಚುತ್ತಾ ಹೂತು ಹೋದ್ವು. ಮುಂದಿನ ಎರಡು ದೇವಸ್ಥಾನದ ನಂದಿ ಹಾಗೆ ಕೂತಿದ್ವು. "ಮುಂದಿಂದು ತಿರುಗ್ತಾನೇ ಇಲ್ಲ ಮಾರಾಯ್ರೆ!" ಅಂತ ಬದುವಿನ ಮೇಲೆ ನಿಂತೋರು ಕೂಗಿದ್ರು. ಒಳಗೆ ಲೈಟ್ ನೋಡ್ಕೊಂಡು "ತಿರುಗ್ತಿದೆ, ತಿರುಗ್ತಿದೆ" ಅಂತ ನಾನು. ಕೊನೆಗೆ ಟ್ರ್ಯಾಕ್ಟರ್ ಬಂದು ಎಳೀಬೇಕಾಯ್ತು.

ಆಟೋ ಕಾಂಪ್ಲೆಕ್ಸಿನ ಒಬ್ಬ ಹಳೇ ಮೇಸ್ತ್ರಿ ಹತ್ತು ನಿಮಿಷದಲ್ಲಿ ಹಿಡಿದ್ರು. ಈ ಥಾರ್‌ನಲ್ಲಿ ಮುಂದಿನ ಹಬ್‌ಗಳು (ಚಕ್ರವನ್ನ ಡ್ರೈವ್ ಶಾಫ್ಟಿಗೆ ಕೂಡಿಸೋ ಭಾಗ) ವ್ಯಾಕ್ಯೂಮ್‌ನಿಂದ, ಅಂದ್ರೆ ಗಾಳಿಯ ಎಳೆತದಿಂದ, ಲಾಕ್ ಆಗುತ್ತೆ. ಎಂಜಿನ್ ಕಡೆಯಿಂದ ಸಣ್ಣ ರಬ್ಬರ್ ಪೈಪು ಚಕ್ರದವರೆಗೂ ಹೋಗುತ್ತೆ. ಆ ಪೈಪನ್ನ ಮೇಲೇ ಕತ್ತರಿಸಿ, ಒಳಗೆ ಮರಕ್ಕೆ ಹೊಡೆಯೋ ಸ್ಕ್ರೂ ತುರುಕಿ, ಮೇಲೆ ಎಂ-ಸೀಲ್ ಮೆತ್ತಿದ್ದಾರೆ. ಮರಕ್ಕೆ ಹೊಡೆಯೋ ಸ್ಕ್ರೂ! ಹಬ್ ಬಿಚ್ಚಿದ್ರೆ ಗ್ರೀಸ್ ಇಲ್ಲ, ತುಕ್ಕಿನ ನೀರು. ಸೀಲ್ ಕಲ್ಲಾಗಿದೆ. ಅಂದ್ರೆ ಹಬ್ ಸತ್ತಿದ್ದು ಯಾರಿಗೋ ಮೊದಲೇ ಗೊತ್ತಿತ್ತು. ವ್ಯಾಕ್ಯೂಮ್ ಲೀಕಾಗೋದು ನಿಲ್ಲಲಿ ಅಂತ ಪೈಪ್ ಮುಚ್ಚಿ, ಗಾಡಿ ಟೂ ವೀಲ್ ಡ್ರೈವ್ ಮಾಡಿ, ಫೋರ್ ಬೈ ಫೋರ್ ರೇಟಿಗೆ ಮಾರಿದ್ದಾರೆ.

ಲೈಟ್ ಯಾಕೆ ಉರೀತು? ಅದಕ್ಕೆ ಸಿಗ್ನಲ್ ಬರೋದು ಟ್ರಾನ್ಸ್‌ಫರ್ ಕೇಸಿನ ಸ್ವಿಚ್ಚಿಂದ. ಹಬ್ ಕಚ್ಚಿಕೊಂಡಿದ್ಯಾ ಇಲ್ವಾ ಅದಕ್ಕೆ ಗೊತ್ತೇ ಇಲ್ಲ. ಏರು ಯಾಕೆ ಹತ್ತಿತು? ಲೋ ಅಂದ್ರೆ ಗೇರಿನ ಎಳೆತ ಸುಮಾರು ಎರಡೂವರೆ ಪಟ್ಟು ಜಾಸ್ತಿ ಆಗೋದು, ಅದು ಹಿಂದಿನ ಚಕ್ರಕ್ಕೂ ಸಿಗುತ್ತೆ. ಒಣ ಜಲ್ಲಿ ಮೇಲೆ ಹಿಂದಿನ ಎರಡೇ ಸಾಕು. ನೋಡೋರಿಗೆ ನಾಲ್ಕೂ ಎಳೆದಂಗೆ ಕಾಣುತ್ತೆ. ನನಗೂ ಕಾಣ್ತು.

ಈಗ ಅವನ ಉತ್ತರಗಳು, ಬಂದ ಕ್ರಮದಲ್ಲೇ.

ಮೊದಲ ಫೋನು: "ಲೋ ಹಾಕಿದ್ರಾ ಅಣ್ಣಾ? ಮಣ್ಣು ಹಂಗಿರ್ಬೇಕು."
ಸ್ಕ್ರೂ ಫೋಟೋ ಕಳಿಸಿದ ಮೇಲೆ: "ಅದು ನಿಮ್ಮ ಮೇಸ್ತ್ರಿನೇ ಹಾಕಿದ್ದಿರ್ಬೇಕು."
ಎಂ-ಸೀಲ್ ಮೇಲೆ ವರ್ಷಗಟ್ಟಲೆ ಧೂಳು ಕೂತಿದೆ ಅಂತ ಇನ್ನೊಂದು ಫೋಟೋ ಹಾಕಿದ್ರೆ: "ಎರಡು ತಿಂಗಳು ಓಡ್ಸಿ ಈಗ ಹೇಳ್ತಿದ್ದೀರಲ್ಲ ಅಣ್ಣಾ, ಇದು ನ್ಯಾಯನಾ?"
ಆಮೇಲೆ: "ಹಳೇ ಗಾಡಿ ಅಂದ್ಮೇಲೆ ಸಣ್ಣಪುಟ್ಟದ್ದು ಇರ್ತದೆ. ನೀವೇ ನೋಡಿ ತಗೊಂಡಿದ್ದು. ನಿಮಗೆ ನನಗಿಂತ ಜಾಸ್ತಿ ಗೊತ್ತು."
ಕೊನೇದು: "ಬೇಕಿದ್ರೆ ವಾಪಸ್ ತಗೋತೀನಿ. 4.60ಕ್ಕೆ."

"ನಿಮಗೆ ನನಗಿಂತ ಜಾಸ್ತಿ ಗೊತ್ತು" ಅಂತೆ. ಇದನ್ನ ಓದಿ ಅವತ್ತು ಊಟ ಸೇರಲಿಲ್ಲ.

ಹತ್ತು ನಿಮಿಷದ ಪರೀಕ್ಷೆ ಇದೆ, ಮೇಸ್ತ್ರಿ ಬೇಕಿಲ್ಲ, ಗಾಡಿಯ ಜೊತೆ ಬರೋ ಜಾಕೇ ಸಾಕು. ಸಮತಟ್ಟು ಜಾಗ, ಹ್ಯಾಂಡ್‌ಬ್ರೇಕ್, ಹಿಂದಿನ ಚಕ್ರಗಳಿಗೆ ಮುಂದೆ ಹಿಂದೆ ಕಲ್ಲು. ವ್ಯಾಕ್ಯೂಮ್ ಹಬ್ ಇರೋದ್ರಿಂದ ಎಂಜಿನ್ ಚಾಲೂ ಇರಲಿ, ಗೇರು ನ್ಯೂಟ್ರಲ್, ಲಿವರ್ 4ಎಚ್. ಸೀಟಲ್ಲಿ ಒಬ್ಬರು ಕೂತಿರಲಿ, ಗಾಡಿ ಅಡಿಗೆ ಯಾರೂ ಹೋಗಬೇಡಿ. ಮುಂದಿನ ಒಂದು ಚಕ್ರ ಮಾತ್ರ ಎತ್ತಿ ಕೈಯಲ್ಲಿ ತಿರುಗಿಸಿ. ಒಂದಿಷ್ಟು ಆಡಿ ಗಟ್ಟಿಯಾಗಿ ನಿಂತರೆ ಸರಿ. ಬಾವಿ ರಾಟೆ ಹಾಗೆ ತಿರುಗಿದ್ರೆ ಫೋರ್ ಬೈ ಫೋರ್ ಇಲ್ಲ, ಅಷ್ಟೇ. ಎರಡು ಹಬ್‌ಗಳಲ್ಲಿ ಒಂದೇ ಸತ್ತಿದ್ರೂ ಹೀಗೇ ತಿರುಗುತ್ತೆ. ಒಂದೇ ತಾನೇ ಅನ್ನಬೇಡಿ. ಮುಂದಿನ ಡಿಫ್ರೆನ್ಶಿಯಲ್ ಓಪನ್ ಆಗಿರೋದ್ರಿಂದ ಶಕ್ತಿಯೆಲ್ಲ ಬಿಟ್ಟುಕೊಂಡ ಕಡೆಗೇ ಹೋಗುತ್ತೆ, ಚೆನ್ನಾಗಿರೋ ಚಕ್ರಕ್ಕೂ ಎಂತದೂ ಸಿಗಲ್ಲ. ಜಾಕ್ ಬೇಡ ಅಂದ್ರೆ ಒಣಗಿದ ಗಟ್ಟಿ ಮಣ್ಣಿನ ಅಂಗಳದಲ್ಲಿ 4ಎಚ್ ಹಾಕಿ, ಸ್ಟೇರಿಂಗ್ ಪೂರ್ತಿ ತಿರುಗಿಸಿ, ಫಸ್ಟ್ ಗೇರಲ್ಲಿ ನಿಧಾನ ಬಿಡಿ. ತಡೆದು ತಡೆದು ಬರಬೇಕು. ಬೆಣ್ಣೆ ಹಾಗೆ ತಿರುಗಿದ್ರೆ ಮನೆಗೆ ಬನ್ನಿ. ಮಾರುತಿ ಜಿಪ್ಸಿ ನೋಡೋರಿಗೆ ಇನ್ನೂ ಸುಲಭ, ಹಬ್ ಕೈಯಲ್ಲೇ ಫ್ರೀಯಿಂದ ಲಾಕ್‌ಗೆ ತಿರುಗಿಸೋದು. ಡಯಲ್ ತಿರುಗಿದ ಮಾತ್ರಕ್ಕೆ ನಂಬಬೇಡಿ, ಅದಕ್ಕೂ ಜಾಕ್ ಕೊಡಿ.

ಇನ್ನೂ ಮುಗಿದಿಲ್ಲ, ಆಮೇಲೆ ಸಿಕ್ಕಿದ್ದು ಕೇಳಿ. ಮುಂದೆ ಒಳ್ಳೆ ಎತ್ತರ ನಿಂತಿತ್ತಲ್ಲ, ಲಿಫ್ಟ್ ಕಿಟ್ (ಗಾಡಿ ಎತ್ತರಿಸೋ ಸಾಮಾನು) ಅಂದಿದ್ದ. ಕಿಟ್ಟೂ ಇಲ್ಲ ಗಿಟ್ಟೂ ಇಲ್ಲ, ಟಾರ್ಶನ್ ಬಾರ್ (ಮುಂದೆ ಸ್ಪ್ರಿಂಗ್ ಕೆಲಸ ಮಾಡೋ ಸರಳು) ಬೋಲ್ಟ್ ಕೊನೆವರೆಗೂ ಬಿಗಿದಿದ್ದ. ಅಷ್ಟು ಎತ್ತಿದ್ರೆ ಡ್ರೈವ್ ಶಾಫ್ಟ್ ಓರೆ ಜಾಸ್ತಿ ಆಗಿ ಅದರ ರಬ್ಬರ್ ಬೂಟ್ ಹರಿಯುತ್ತೆ, ಬಾಲ್ ಜಾಯಿಂಟ್ ಸವೆಯುತ್ತೆ, ಗುಂಡಿಯಲ್ಲಿ ಸಸ್ಪೆನ್ಶನ್‌ಗೆ ಕೆಳಗೆ ಇಳಿಯೋಕೆ ಜಾಗವೇ ಇರಲ್ಲ. ಅಡಿಗೆ ಹೊಳೆಯೋ ಕಪ್ಪು ಅಂಡರ್‌ಬಾಡಿ ಕೋಟಿಂಗ್. ಹಿಂದಿನ ಲೀಫ್ ಪ್ಲೇಟಿನ ಬ್ರಾಕೆಟ್ ಹತ್ತಿರ ಸಣ್ಣ ಸುತ್ತಿಗೆಯಲ್ಲಿ ತಟ್ಟಿದ್ರೆ ಠಣ್ ಅನ್ನಬೇಕಾದ್ದು ಡಬ್ ಅಂತು. ಕೋಟಿಂಗ್ ಕಿತ್ತರೆ ಪದರ ಪದರ ತುಕ್ಕು, ಮೇಲೊಂದು ತಗಡಿನ ವೆಲ್ಡಿಂಗ್. ಐದು ತಿಂಗಳ ಮಳೆಯಲ್ಲಿ ಕೆಸರು ಮೆತ್ತಿಕೊಂಡು ಒಣಗದೆ ಇರೋ ಚಾಸಿ, ಇನ್ನೇನಾಗುತ್ತೆ. ಹಿಂದಿನ ಡಿಫ್ರೆನ್ಶಿಯಲ್ ಆಯಿಲ್ ಹಾಲು ಹಾಕಿದ ಕಾಫಿ ಬಣ್ಣ. ಅದರೊಳಗೆ ಗಾಳಿ ಆಡೋಕೆ ಇರೋ ಬ್ರೀದರ್ ಪೈಪ್ ಕಿತ್ತು ಹೋಗಿತ್ತು. ಬಿಸಿ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದ ತಕ್ಷಣ ಒಳಗಿನ ಗಾಳಿ ಕುಗ್ಗಿ ನೀರು ಎಳ್ಕೊಳ್ಳುತ್ತೆ. ಫಿಲ್ಲರ್ ಬೋಲ್ಟ್ ಬಿಚ್ಚಿ ಬೆರಳು ಹಾಕಿದ್ರೆ ಒಂದು ನಿಮಿಷದಲ್ಲಿ ಗೊತ್ತಾಗ್ತಿತ್ತು. ಹಾಕಲಿಲ್ಲ, ಪ್ಯಾಂಟು ಕೊಳೆಯಾಗುತ್ತೆ ಅಂತ.

ಮ್ಯಾನ್ಯುವಲ್ ಹಬ್ ಜೋಡಿ, ಬೇರಿಂಗ್, ಸೀಲ್, ಬಾಲ್ ಜಾಯಿಂಟ್, ಚಾಸಿ ಕೆಲಸ ಎಲ್ಲ ಸೇರಿ ಇಲ್ಲೀವರೆಗೆ 1 ಲಕ್ಷ 35 ಸಾವಿರ. 7 ಲಕ್ಷ ದಾಟಿತು. ಇಷ್ಟಕ್ಕೂ ನನ್ನ ಹತ್ತಿರ ಇರೋದು ಲಾಕರ್ ಇಲ್ಲದ, ಎಬಿಎಸ್ ಇಲ್ಲದ, ಏರ್‌ಬ್ಯಾಗ್ ಇಲ್ಲದ ಗಾಡಿ.

"ಹಳೇದು ಕಬ್ಬಿಣ, ಹೊಸದು ಡಬ್ಬ" ಅಂತ ಊರೆಲ್ಲ ಹೇಳ್ಕೊಂಡು ಓಡಾಡಿದ್ದೆ, ಅದನ್ನೂ ವಾಪಸ್ ತಗೋತೀನಿ. 2020ರ ಅಕ್ಟೋಬರ್‌ನಲ್ಲಿ ಬಂದ ಹೊಸ ಥಾರ್‌ಗೆ ಹಿಂದೆ ಲೀಫ್ ಬದಲು ಕಾಯಿಲ್ ಸ್ಪ್ರಿಂಗ್, 226 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್, ನೀರಲ್ಲಿ 650 ಮಿ.ಮೀ.ವರೆಗೆ ಇಳಿಸಬಹುದು ಅಂತ ಕಂಪನಿಯೇ ಹೇಳುತ್ತೆ. ಗ್ಲೋಬಲ್ ಎನ್‌ಕ್ಯಾಪ್ ಕ್ರ್ಯಾಶ್ ಪರೀಕ್ಷೆಯಲ್ಲಿ 4 ಸ್ಟಾರ್. ಅದಕ್ಕಿಂತ ಮುಖ್ಯ, ಒಂದು ಚಕ್ರ ಸುಮ್ಮನೆ ತಿರುಗಿದ್ರೆ ಅದಕ್ಕೆ ತಾನೇ ಬ್ರೇಕ್ ಹಾಕಿ ಇನ್ನೊಂದಕ್ಕೆ ಶಕ್ತಿ ಕಳಿಸುತ್ತೆ. ಮಾರುತಿ ಜಿಮ್ನಿಯಲ್ಲೂ ಈ ವ್ಯವಸ್ಥೆ ಇದೆ, ಮೇಲಿಂದ ತೂಕ ಬರೀ 1,200 ಕೆ.ಜಿ. ಆಸುಪಾಸು. ಹಸಿ ಕೆಂಪು ಮಣ್ಣಲ್ಲಿ ಹಗುರ ಗಾಡಿ ಹೂಳೋದೇ ಕಮ್ಮಿ. ಅದರ 134 ಎನ್‌ಎಂ ಟಾರ್ಕ್ (ಎಂಜಿನ್ನಿನ ಎಳೆತದ ಅಳತೆ) ಸಾಲಲ್ಲ ಅಂತಾರೆ, ನಿಜ, ಏರಲ್ಲಿ ಆರ್‌ಪಿಎಂ ಏರಿಸಬೇಕು. ಸಿಆರ್‌ಡಿಇಯ 247 ಎನ್‌ಎಂ ಮುಂದೆ ಅದು ಮಗುವೇ. ಆದ್ರೆ 247ರಲ್ಲಿ ಒಂದೂ ಮುಂದಿನ ಚಕ್ರಕ್ಕೆ ಹೋಗದಿದ್ರೆ ಏನು ಮಾಡ್ತೀರಿ? ಹೊಸದರಲ್ಲಿ ನನಗೆ ಭಯ ಇರೋದು ಸೆನ್ಸಾರ್, ವೈರಿಂಗ್ ಬಗ್ಗೆ. ಕನೆಕ್ಟರ್‌ಗೆ ಕೆಸರು ನೀರು ಹೋದ್ರೆ ಹೊಸನಗರದಲ್ಲಿ ಸ್ಕ್ಯಾನರ್ ಹುಡುಕಬೇಕು. ಹಳೇದಾದ್ರೆ ಎಷ್ಟೋ ಪಾರ್ಟು ಬೊಲೆರೊದ್ದೇ ಆಗುತ್ತೆ, ರಿಪ್ಪನ್‌ಪೇಟೆಯಲ್ಲೂ ಸಿಗುತ್ತೆ. ಅದೊಂದು ವಿಷಯಕ್ಕೆ ಹಳೇದನ್ನ ಈಗ್ಲೂ ಬೈಯಲ್ಲ. ಬೈಯೋದು ಮಾರಿದವನನ್ನ.

ಇನ್ನು ಹೆಸರು ಯಾಕೆ ಹಾಕಿಲ್ಲ ಅಂದ್ರೆ. ಆರ್‌ಸಿಯಲ್ಲಿ ಹಳೇ ಓನರ್‌ನ ಸಾಲದ ಹೈಪೊಥಿಕೇಶನ್ (ಗಾಡಿ ಮೇಲೆ ಬ್ಯಾಂಕಿನ ಹಕ್ಕು) ಇನ್ನೂ ಹಾಗೇ ಇದೆ. "ಎನ್‌ಒಸಿ ಮುಂದಿನ ವಾರ ಅಣ್ಣಾ" ಅಂತ ಏಪ್ರಿಲ್‌ನಿಂದ ಹೇಳ್ತಿದ್ದಾನೆ. ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ), ಆ ಹಕ್ಕು ತೆಗೆಸೋ ಫಾರ್ಮ್ 35 ಎರಡೂ ಅವನ ಮೂಲಕವೇ ಬರಬೇಕು, ಅದಿಲ್ಲದೆ ಗಾಡಿ ನನ್ನ ಹೆಸರಿಗೆ ಮಾಡಿಸೋ ಫಾರ್ಮ್ 29, 30 ಇಟ್ಕೊಂಡು ಆರ್‌ಟಿಒ ಕಚೇರಿಯಲ್ಲಿ ಎಂತ ಮಾಡೋದು? ಅದು ಕೈಗೆ ಬರೋವರೆಗೂ ವಾರಕ್ಕೆರಡು ಸಲ ನಾನೇ ಫೋನ್ ಮಾಡಿ, ನಾನೇ ಅವನಿಗೆ "ಅಣ್ಣಾ, ಊಟ ಆಯ್ತಾ" ಅಂತ ಕೇಳ್ತಿದ್ದೀನಿ.